ಗಾಳಿಗೋಪುರದ ವ್ಯಾಪಾರ

ಕೈಗೂಡದ ಕಾರ್ಯವನ್ನು ಕೈಗೂಡಿತೆಂದೇ ಮನಸ್ಸಿನಲ್ಲಿ ಕಲ್ಪಿಸಿಕೊಂಡು ಸುಖಿಸುವವನನ್ನು ಕುರಿತು 'ಗಾಳಿಗೋಪುರ ಕಟ್ಟುತ್ತಾನೆ' ಎನ್ನುವುದು ನಮ್ಮ ನಾಡಿನ ರೂಢಿ. ಈ ಮಾತನ್ನು ಬಳಕೆಗೆ ತಂದ ಹಿರಿಯರು, ಗಾಳಿಯಿಂದಲೇ ಗೋಪುರವನ್ನು ನಿಜವಾಗಿ ಎಬ್ಬಿಸಿ, ಅದನ್ನು ದಿನಬಾಡಿಗೆಗೆ ಕೊಟ್ಟು ಸಂಸಾರ ನಡೆಸುವ ಕಾಲವೊಂದು ಬಂದೀತೆಂದು ಎಣಿಸಿರಲಾರರು. ಆ ಕಾಲವು ಬಂದಿದೆ. ಆದುದರಿಂದ ಅದರ ಗುಣದೋಷಗಳನ್ನು ವಿಚಾರಿಸುವುದು ಗೃಹಸ್ಥರಿಗೆ ಅವಶ್ಯವಾಗಿದೆ.

ಹಾಸನದ ಕಡೆಯ ವಾಚಕ ಮಹಾಶಯರೊಬ್ಬರು ನಮಗೆ ಬರೆದಿರುವ ಕಾಗದದ ತಾತ್ಪರ್ಯ ಹೀಗಿದೆ. ಅವರ ಸೋದರಳಿಯನು ಷಾಮಿಯಾನ, ಕುರ್ಚಿ, ಅಡಿಗೆಯ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಿಟ್ಟು ಮರ್ಯಾದೆಯಿಂದ ಜೀವಿಸುತ್ತಿದ್ದಾನೆ. ಈಚೆಗೆ ಶಾಲೆಗಳ ವಾರ್ಷಿಕೋತ್ಸವಗಳಲ್ಲಿಯೂ ಹುಟ್ಟುಹಬ್ಬಗಳಲ್ಲಿಯೂ ಮಕ್ಕಳ ಆಟಕ್ಕೆಂದು ಗಾಳಿ ತುಂಬಿ ನಿಲ್ಲಿಸುವ ಅಡೆತಡೆಯ ಹಾದಿಗಳಿಗೆ ಬೇಡಿಕೆ ಹೆಚ್ಚಿರುವುದನ್ನು ಕಂಡು, ತಾನೂ ಒಂದನ್ನು ಕೊಳ್ಳಬೇಕೆಂದು ನಿಶ್ಚಯಿಸಿದ್ದಾನೆ. ಹಣ ಸಾಲದು. ಸೋದರಮಾವನು ಜಾಮೀನು ನಿಂತರೆ ಬ್ಯಾಂಕಿನವರು ಸಾಲ ಕೊಡುವರಂತೆ. 'ನಿಲ್ಲಲೋ ಬೇಡವೋ? ನಿಂತರೆ, ಹುಡುಗನು ಏನನ್ನು ನೋಡಿ ಕೊಳ್ಳಬೇಕು?' ಎಂಬುದು ಅವರ ಪ್ರಶ್ನೆ. ಇದು ಒಂದು ಮನೆಯ ಪ್ರಶ್ನೆಯಾಗಿ ಕಂಡರೂ, ಇಂಥ ವಸ್ತುವನ್ನು ಬಾಡಿಗೆಗೆ ತರಿಸಿ ತಮ್ಮ ಮಕ್ಕಳನ್ನು ಅದರೊಳಕ್ಕೆ ಬಿಡುವ ಎಲ್ಲ ಗೃಹಸ್ಥರಿಗೂ ಸಂಬಂಧಪಟ್ಟುದಾಗಿದೆ. ಆದಕಾರಣ ನಮ್ಮ ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ಜಾತ್ರೆಗಳಲ್ಲಿ ಮಕ್ಕಳು ಏರಿ ಕುಣಿಯುವ 'ಜಂಪಿಂಗ್ ಕ್ಯಾಸಲ್' ಎಂಬ ಗಾಳಿಕೋಟೆಯನ್ನು ವಾಚಕರು ನೋಡಿಯೇ ಇರುತ್ತಾರೆ. ಅದರ ದೊಡ್ಡಣ್ಣನನ್ನು ವ್ಯಾಪಾರಸ್ಥರು 'ಇನ್‌ಫ್ಲೇಟಬಲ್ ಅಬ್‌ಸ್ಟಕಲ್ ಕೋರ್ಸ್' ಎನ್ನುವರು. ನಾವು ಸುಲಭಕ್ಕಾಗಿ ಗಾಳಿಹಾದಿ ಎನ್ನೋಣ. ಒಂದು ತುದಿಯಲ್ಲಿ ಇಬ್ಬರು ಮಕ್ಕಳು ಒಟ್ಟಿಗೆ ಒಳಹೊಕ್ಕು, ಕಂಬಗಳ ನಡುವೆ ನುಸುಳಿ, ಸುರಂಗದಲ್ಲಿ ತೆವಳಿ, ಗೋಡೆಯನ್ನು ಹತ್ತಿ, ಕೊನೆಗೆ ಜಾರುಬಂಡೆಯಿಂದ ಇಳಿದು ಮತ್ತೊಂದು ತುದಿಯಲ್ಲಿ ಹೊರಬರುತ್ತಾರೆ. ಗಾಳಿಕೋಟೆಯಲ್ಲಿ ಮಕ್ಕಳು ಒಂದೇ ಕಡೆ ಕುಣಿಯುತ್ತಿರುವುದರಿಂದ ಸರತಿಯು ನಿಧಾನವಾಗಿ ಸಾಗುತ್ತದೆ. ಗಾಳಿಹಾದಿಯಲ್ಲಿ ಅರ್ಧ ನಿಮಿಷಕ್ಕೊಮ್ಮೆ ಒಂದು ಜೋಡಿಯನ್ನು ಬಿಟ್ಟರೆ ಒಂದು ಗಂಟೆಗೆ ೨೪೦ ಮಕ್ಕಳು ದಾಟುವರು. ದೊಡ್ಡ ಶಾಲೆಗಳು ಇದನ್ನು ಬಯಸುವುದಕ್ಕೆ ಇದೇ ಕಾರಣ. ಹುಡುಗನ ಎಣಿಕೆ ಈ ಮಟ್ಟಿಗೆ ಸರಿಯಾಗಿಯೇ ಇದೆ.

ಈ ಜಾತಿಯ ಆಟಿಕೆಗಳು ಹುಟ್ಟಿದುದು ಅಮೇರಿಕಾ ದೇಶದಲ್ಲಿ. ೧೯೫೦ರ ದಶಕದ ಕೊನೆಯಲ್ಲಿ ಲೂಯಿಸಿಯಾನ ಪ್ರಾಂತದ ಶ್ರೀವ್‌ಪೋರ್ಟ್ ಎಂಬ ಊರಿನಲ್ಲಿ ಜಾನ್ ಸ್ಕರ್ಲಾಕ್ ಎಂಬ ಇಂಜಿನಿಯರರು ಟೆನ್ನಿಸ್ ಅಂಗಳಕ್ಕೆ ಗಾಳಿ ತುಂಬಿದ ಹೊದಿಕೆಯನ್ನು ತಯಾರಿಸುತ್ತಿದ್ದಾಗ, ಕೆಲಸಗಾರರು ಅದರ ಮೇಲೆ ಹಾರಿ ಕುಣಿದು ನಲಿಯುತ್ತಿದ್ದುದನ್ನು ಕಂಡರು. ಆ ನೋಟದಿಂದ ಈ ಆಟವೂ, ಕೆಲವು ವರ್ಷಗಳ ಮೇಲೆ ಇದನ್ನು ಬಾಡಿಗೆಗೆ ಕೊಡುವ ವ್ಯಾಪಾರವೂ ಹುಟ್ಟಿದವು. ಬೆಂಕಿ ಬಿದ್ದ ಕಟ್ಟಡದಿಂದ ಧುಮುಕುವವರನ್ನು ಹಿಡಿಯಲು ಅಗ್ನಿಶಾಮಕದವರು ಹಾಸುವ ಗಾಳಿಮೆತ್ತೆಯೂ ಅದೇ ಮಹನೀಯರ ಕೆಲಸವೇ. ಒಂದೇ ವಿದ್ಯೆಯು ಆಟಕ್ಕೂ ಪ್ರಾಣರಕ್ಷಣೆಗೂ ಒದಗಿತು. ಅದೇ ವಿದ್ಯೆಯು ಅಲಕ್ಷ್ಯದಿಂದ ಪ್ರಾಣವನ್ನು ತೆಗೆದದ್ದೂ ಉಂಟು. ಅದನ್ನು ಮುಂದೆ ಹೇಳುತ್ತೇವೆ.

ಗಾಳಿಹಾದಿಯು ಬಲೂನಿನಂತೆ ಒಮ್ಮೆ ಊದಿ ಬಾಯಿ ಕಟ್ಟುವ ವಸ್ತುವಲ್ಲ. ಅದರ ಹೊಲಿಗೆಗಳ ಸಂದಿನಿಂದ ಗಾಳಿಯು ಸದಾ ಸೋರುತ್ತಲೇ ಇರುತ್ತದೆ. ಸೋರಿದಷ್ಟನ್ನು ವಿದ್ಯುತ್ತಿನಿಂದ ನಡೆಯುವ ಬ್ಲೋಯರ್ ಎಂಬ ಯಂತ್ರವು ಬಿಡದೆ ತುಂಬುತ್ತಿರಬೇಕು. ಯಂತ್ರ ನಿಂತರೆ ಗೋಪುರವು ಕುಗ್ಗುತ್ತದೆ. ಬಟ್ಟೆಯು ಪಾಲಿಯೆಸ್ಟರ್ ನೂಲಿನ ನೇಯ್ಗೆಯ ಮೇಲೆ ಪಿ.ವಿ.ಸಿ. ಲೇಪನ ಮಾಡಿದುದು. ಅಮೇರಿಕಾದ ವ್ಯಾಪಾರಸ್ಥರು ಬಾಡಿಗೆಯ ಕೆಲಸಕ್ಕೆ ಚದರ ಗಜಕ್ಕೆ ೧೮ ಔನ್ಸು ತೂಗುವ ಬಟ್ಟೆಯನ್ನು ಕೇಳುವರು. ಅದು ಚದರ ಮೀಟರಿಗೆ ಸುಮಾರು ೬೧೦ ಗ್ರಾಂ ಆಗುವುದು. ಒಂದು ಗಾಳಿಹಾದಿಗೆ ಒಳಹೊರಗೆಲ್ಲ ಸೇರಿ ೪೦೦ ಚದರ ಮೀಟರು ಬಟ್ಟೆ ಹಿಡಿಯಿತೆಂದರೆ ಅದರ ತೂಕ ೨೪೪ ಕಿಲೋಗ್ರಾಂ. ಈ ಸಂಖ್ಯೆಯನ್ನು ವಾಚಕರು ಜ್ಞಾಪಕದಲ್ಲಿಡಬೇಕು.

ಇನ್ನೊಂದು ಲೆಕ್ಕವನ್ನು ಮಾಡೋಣ. ಇಂಗ್ಲೆಂಡು ಮೊದಲಾದ ಯೂರೋಪಿನ ದೇಶಗಳಲ್ಲಿ ಈ ಆಟಿಕೆಗಳಿಗೆ 'ಇ.ಎನ್. ೧೪೯೬೦' ಎಂಬ ಪ್ರಮಾಣವನ್ನು ಗೊತ್ತುಮಾಡಿದ್ದಾರೆ. ಅದರಂತೆ ಗಾಳಿಯ ವೇಗವು ಗಂಟೆಗೆ ೩೮ ಕಿಲೋಮೀಟರನ್ನು ಮೀರಿದರೆ ಆಟವನ್ನು ನಡೆಸಕೂಡದು. ಎಲೆ ತುಂಬಿದ ಚಿಕ್ಕ ಮರಗಳು ತೂಗಾಡತೊಡಗಿದಾಗ ಗಾಳಿಯು ಈ ಮಿತಿಯನ್ನು ಸಮೀಪಿಸಿತೆಂದು ತಿಳಿಯಬಹುದು. ಆ ವೇಗದ ಗಾಳಿಯು ಒಂದು ಚದರ ಮೀಟರಿನ ಗೋಡೆಯನ್ನು ಸರಿಸುಮಾರು ೬.೮ ಕಿಲೋಗ್ರಾಂ ಭಾರದಷ್ಟು ಬಲದಿಂದ ತಳ್ಳುತ್ತದೆ. ೧೨ ಮೀಟರ್ ಉದ್ದ, ೩ ಮೀಟರ್ ಎತ್ತರದ ಗೋಡೆಗೆ ೩೬ ಚದರ ಮೀಟರು. ಆದುದರಿಂದ ಒಟ್ಟು ತಳ್ಳುವಿಕೆ ೨೪೫ ಕಿಲೋಗ್ರಾಂ. ಅಂದರೆ ವಸ್ತುವಿನ ಸ್ವಂತ ತೂಕದಷ್ಟೇ ಬಲ. ಗಾಳಿಯ ವೇಗ ಎರಡರಷ್ಟಾದರೆ ಬಲವು ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಆಗ ೯೮೦ ಕಿಲೋಗ್ರಾಂ. ಇದು ಸ್ಥೂಲ ಗಣಿತ. ವಸ್ತುವಿನ ಆಕಾರವನ್ನು ಸೇರಿಸಿ ಲೆಕ್ಕ ಹಾಕಿದರೆ ಬಲವು ಇನ್ನೂ ಹೆಚ್ಚೇ ಆದೀತು. 'ಇಷ್ಟು ಭಾರದ ವಸ್ತು ಗಾಳಿಗೆ ಹಾರೀತೆ?' ಎಂದು ನಗುವವರು ಈ ಗಣಿತವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು.

ಹಾರಿದುದಕ್ಕೆ ದೃಷ್ಟಾಂತಗಳಿವೆ. ೨೦೧೬ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಹಾರ್ಲೋ ಎಂಬ ಊರಿನ ಉತ್ಸವದಲ್ಲಿ ಗಾಳಿಕೋಟೆಯೊಂದು ಬಿರುಗಾಳಿಗೆ ಕಿತ್ತು ಉರುಳಿಹೋಗಿ, ಒಳಗಿದ್ದ ಏಳು ವರ್ಷದ ಬಾಲಿಕೆಯು ಮೃತಳಾದಳು. ಅದನ್ನು ನಡೆಸುತ್ತಿದ್ದ ಇಬ್ಬರಿಗೆ ೨೦೧೮ರಲ್ಲಿ ಮೂರು ಮೂರು ವರ್ಷಗಳ ಸೆರೆಯಾಯಿತು. ೨೦೨೧ರ ಡಿಸೆಂಬರ್ ೧೬ನೆಯ ತಾರೀಖು ಆಸ್ಟ್ರೇಲಿಯಾದ ಟಾಸ್ಮೇನಿಯ ದ್ವೀಪದ ಡೆವನ್‌ಪೋರ್ಟ್ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ ವರ್ಷಾಂತ್ಯದ ಸಂತೋಷಕೂಟ ನಡೆಯುತ್ತಿತ್ತು. ಸುಳಿಗಾಳಿಯೊಂದು ಮೈದಾನಕ್ಕೆ ನುಗ್ಗಿ ಗಾಳಿಕೋಟೆಯನ್ನು ಮೇಲಕ್ಕೆತ್ತಿತು. ಆರು ಮಂದಿ ಮಕ್ಕಳು ತೀರಿಹೋದರು. ತಯಾರಕರು ಎಂಟು ಕಡೆ ಗೂಟ ಹೊಡೆಯಬೇಕೆಂದು ಹೇಳಿದ್ದಲ್ಲಿ ಹೊಡೆದದ್ದು ನಾಲ್ಕು ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಆದರೆ ಆ ಸುಳಿಗಾಳಿಗೆ ಎಂಟು ಗೂಟಗಳಿದ್ದರೂ ಅದು ನಿಲ್ಲುತ್ತಿರಲಿಲ್ಲವೆಂದು ಕಂಡುದರಿಂದ, ೨೦೨೫ರಲ್ಲಿ ಅಲ್ಲಿಯ ನ್ಯಾಯಾಲಯವು ಬಾಡಿಗೆಗೆ ಕೊಟ್ಟವರನ್ನು ದೋಷಮುಕ್ತಗೊಳಿಸಿತು.

ಈ ಎರಡನೆಯ ತೀರ್ಪನ್ನು ಕುರಿತು ನಾವು ಬಹಳ ಹೊತ್ತು ಯೋಚಿಸಿದೆವು. ನ್ಯಾಯಾಲಯದ ಮುಂದೆ ದೋಷವಿಲ್ಲವೆಂದಾದುದರಿಂದ ಹೋದ ಮಕ್ಕಳು ಮನೆಗೆ ಬರಲಿಲ್ಲ. ಗೂಟ ಎಷ್ಟು ಗಟ್ಟಿಯಾದರೂ ಅದಕ್ಕೊಂದು ಮಿತಿಯುಂಟು, ಗಾಳಿಗೆ ಮಿತಿಯಿಲ್ಲ ಎಂಬುದೇ ಇದರಿಂದ ಕಲಿಯತಕ್ಕ ಪಾಠ. ಹಾಗೆಂದು ಗೂಟವನ್ನು ಅಲಕ್ಷಿಸಬಹುದೆಂದು ಅರ್ಥವಲ್ಲ. ಗೂಟವು ಸಾಧಾರಣ ಗಾಳಿಗೆ ಉತ್ತರ. ಅಸಾಧಾರಣ ಗಾಳಿಗೆ ಉತ್ತರವೆಂದರೆ ಮಕ್ಕಳನ್ನು ಮೊದಲೇ ಇಳಿಸಿ ಯಂತ್ರವನ್ನು ನಿಲ್ಲಿಸುವುದೊಂದೇ.

ಈಗ ಕೊಳ್ಳುವ ವಿಷಯಕ್ಕೆ ಬರೋಣ. ಮಾರುವವನ ಚಿತ್ರಪುಸ್ತಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ, ಹುಲಿಮುಖ, ಡ್ರ್ಯಾಗನ್ನಿನ ಬಾಯಿ. ವಿವೇಕಿಯು ಮೊದಲು ನೋಡಬೇಕಾದುದು ಅಡಿಯ ಕೊಂಡಿಗಳನ್ನು. ಆ ಯೂರೋಪಿನ ಪ್ರಮಾಣದಂತೆ ಕನಿಷ್ಠ ಆರು ಕಡೆ ನೆಲಕ್ಕೆ ಬಿಗಿಯುವ ಏರ್ಪಾಡಿರಬೇಕು. ಗೋಡೆ ದೊಡ್ಡದಾದಂತೆಲ್ಲ ಸಂಖ್ಯೆಯೂ ಹೆಚ್ಚಬೇಕು. ಗೂಟವು ೩೮ ಸೆಂಟಿಮೀಟರ್, ಅಂದರೆ ಒಂದೂಕಾಲು ಅಡಿ ಉದ್ದವಾಗಿ, ೧೬ ಮಿಲಿಮೀಟರ್ ದಪ್ಪವಾಗಿ, ಮಕ್ಕಳ ಕಾಲಿಗೆ ಗಾಯವಾಗದಂತೆ ತಲೆ ದುಂಡಗಾಗಿರಬೇಕು. ಅದನ್ನು ನೆಟ್ಟಗೆ ಹೊಡೆಯದೆ, ತಲೆಯು ಗೋಪುರದಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆಯಬೇಕು. ಷಾಮಿಯಾನ ಕಟ್ಟಿ ಪಳಗಿದ ಹುಡುಗನಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಆದರೆ ಗೂಟ ಇಳಿಯದ ನೆಲದಲ್ಲಿ ಏನು ಮಾಡತಕ್ಕದ್ದು? ನಮ್ಮ ಪಟ್ಟಣಗಳ ಕಲ್ಯಾಣಮಂಟಪಗಳ ಮುಂದೆಯೂ ವಸತಿಸಮುಚ್ಚಯಗಳ ಅಂಗಳಗಳಲ್ಲಿಯೂ ಸಿಮೆಂಟೇ ಹೆಚ್ಚು. ಅಂಥಲ್ಲಿ ಒಂದೊಂದು ಕೊಂಡಿಗೂ ೧೬೩ ಕಿಲೋಗ್ರಾಂ ಭಾರವನ್ನು ಕಟ್ಟಬೇಕೆಂದು ಇಂಗ್ಲೆಂಡಿನವರು ಹೇಳುತ್ತಾರೆ. ಸಿಮೆಂಟಿನ ಮೂಟೆಯೊಂದು ೫೦ ಕಿಲೋಗ್ರಾಂ ತೂಗುವುದರಿಂದ ಕೊಂಡಿಗೆ ಮೂರು ಮೂಟೆಗಿಂತಲೂ ಹೆಚ್ಚು. ಆರು ಕೊಂಡಿಗಳಿಗೆ ೯೭೮ ಕಿಲೋಗ್ರಾಂ, ಹೆಚ್ಚುಕಡಿಮೆ ಒಂದು ಟನ್ನು. ಈ ಭಾರವನ್ನು ಹೊತ್ತು ತರುವ ಗಾಡಿಯ ಬಾಡಿಗೆಯನ್ನೂ ಆಳುಗಳ ಕೂಲಿಯನ್ನೂ ಗೃಹಸ್ಥನಿಂದ ಕೇಳಿ ಪಡೆಯಬೇಕು. ಕೊಡಲಾರೆನೆಂದರೆ ಆ ನೆಲದ ಮೇಲೆ ಗೋಪುರವನ್ನು ಎಬ್ಬಿಸಕೂಡದು. ಒಂದು ಚಿಕ್ಕ ಮರಳಿನ ಚೀಲವನ್ನೋ ನಿಂತ ಕಾರಿನ ಬಂಪರನ್ನೋ ನಂಬಿ ಹಗ್ಗ ಕಟ್ಟುವ ಪದ್ಧತಿಯು ಪ್ರಮಾದಕರವಾದುದು.

ಎರಡನೆಯದಾಗಿ ಪರೀಕ್ಷೆ. ಮನುಸ್ಮೃತಿಯು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ 'ಕ್ರಯವಿಕ್ರಯಾನುಶಯ'ವೆಂಬುದೊಂದು. ಅನುಶಯವೆಂದರೆ ಕೊಂಡ ಅಥವಾ ಮಾರಿದ ಮೇಲೆ ಹುಟ್ಟುವ ಪಶ್ಚಾತ್ತಾಪ. ಹಾಗೆ ಪಶ್ಚಾತ್ತಾಪಪಟ್ಟವನು ಹತ್ತು ದಿನಗಳೊಳಗೆ ವಸ್ತುವನ್ನು ಹಿಂದಕ್ಕೆ ಕೊಡಬಹುದು ಅಥವಾ ಪಡೆಯಬಹುದು ಎಂದು ಅಲ್ಲಿ ವಿಧಿಸಿದೆ. ಯಾಜ್ಞವಲ್ಕ್ಯರು ಇನ್ನೂ ಸೂಕ್ಷ್ಮವಾಗಿ, ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆಯ ಪಶುವಿಗೆ ಐದು ದಿನ ಎಂಬುದಾಗಿ ವಸ್ತುವಿಗೆ ತಕ್ಕಂತೆ ಪರೀಕ್ಷೆಯ ಅವಧಿಯನ್ನು ಬೇರೆ ಬೇರೆಯಾಗಿ ಹೇಳಿದ್ದಾರೆ. ಕಬ್ಬಿಣದ ದೋಷವು ಬಡಿದ ದಿನವೇ ಗೊತ್ತಾದೀತು. ಎತ್ತಿನ ದೋಷವು ನಾಲ್ಕು ದಿನ ನೊಗ ಹೊತ್ತಲ್ಲದೆ ಗೊತ್ತಾಗದು. ಗಾಳಿಹಾದಿಯ ದೋಷವು ಮಡಿಸಿಟ್ಟಾಗ ಗೊತ್ತಾಗುವುದೇ ಇಲ್ಲ. ಆದುದರಿಂದ ಪೂರ್ಣ ಹಣವನ್ನು ಎಣಿಸುವ ಮೊದಲು ಗಾಳಿ ತುಂಬಿಸಿ, ಕನಿಷ್ಠಪಕ್ಷ ನಾಲ್ಕೈದು ಗಂಟೆ ನಿಲ್ಲಿಸಿ ನೋಡತಕ್ಕದ್ದು.

ನೋಡುವ ಕ್ರಮ ಹೀಗೆ. ಕಾಲಿನ ಏಟು ಬೀಳುವ ಹಾಸು, ಹತ್ತುವ ಗೋಡೆ, ಜಾರುಬಂಡೆ ಇವುಗಳ ಹೊಲಿಗೆಯು ಒಂದು ಸಾಲಿನದಾಗಿರದೆ ಎರಡು ಸಾಲಿನದಾಗಿ, ಹೆಚ್ಚು ಭಾರ ಬೀಳುವೆಡೆ ನಾಲ್ಕು ಸಾಲಿನದಾಗಿ ಇದೆಯೆ? ಕೊಂಡಿಯ ಪಟ್ಟಿಯನ್ನು ಬಟ್ಟೆಯ ಮೇಲೆ ಬರಿದೆ ಅಂಟಿಸಿದ್ದಾರೆಯೆ, ಅಥವಾ ಅಡಿಗೆ ಮತ್ತೊಂದು ಪದರವನ್ನಿಟ್ಟು ಹೊಲಿದಿದ್ದಾರೆಯೆ? ಒಳಗಿನ ತಡಿಕೆಗಳು ಹರಿದಿದ್ದರೆ ಹಾಸು ಒಂದೆಡೆ ಗುಡ್ಡದಂತೆ ಉಬ್ಬುತ್ತದೆ, ಹಾಗೆ ಉಬ್ಬಿದೆಯೆ? ಸುರಂಗದೊಳಗೆ ಸಿಕ್ಕಿಕೊಂಡ ಮಗು ಹೊರಗೆ ನಿಂತವನ ಕಣ್ಣಿಗೆ ಕಾಣುವಂತೆ ಬಲೆಯ ಕಿಟಕಿ ಇದೆಯೆ? ಇದನ್ನು ಬಹುಮಂದಿ ಗಮನಿಸುವುದಿಲ್ಲ. ನಮಗೆ ಇದು ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಶಾಲೆಯ ಆಟದ ದಿನಗಳಲ್ಲಿ ಮಕ್ಕಳನ್ನು ಕಾದು ನಿಂತ ಅನುಭವದಿಂದ ಹೇಳುವುದಾದರೆ, ಗದ್ದಲ ಮಾಡುವ ಮಗುವಿಗಿಂತ ಕಣ್ಣಿಗೆ ಮರೆಯಾಗಿ ಸುಮ್ಮನಾದ ಮಗುವಿನ ಕಡೆಗೆ ಹೆಚ್ಚು ಎಚ್ಚರ ಬೇಕು.

ಯಾವ ದೇಶದ ಯಾವ ಪ್ರಮಾಣಕ್ಕೆ ತಕ್ಕಂತೆ ಮಾಡಿದೆಯೆಂಬುದನ್ನು ತಯಾರಕನಿಂದ ಬರೆಯಿಸಿಕೊಳ್ಳಬೇಕು. ಯೂರೋಪಿನ ಪ್ರಮಾಣವನ್ನು ಮೇಲೆ ಹೇಳಿದೆವು, ಅಮೇರಿಕಾದವರದು 'ಎ.ಎಸ್.ಟಿ.ಎಂ. ಎಫ್ ೨೩೭೪'. ಎಷ್ಟು ಮಕ್ಕಳು, ಎಷ್ಟು ಎತ್ತರದವರು, ಎಷ್ಟು ಗೂಟ, ಎಷ್ಟು ವೇಗದ ಗಾಳಿ ಎಂಬ ನಾಲ್ಕು ಸಂಖ್ಯೆಗಳಿರುವ ಕೈಪಿಡಿಯೂ, ವಸ್ತುವಿನ ಮೇಲೆ ಹೊಲಿದ ಚೀಟಿಯೂ ಇರಬೇಕು. ಈ ನಾಲ್ಕು ಸಂಖ್ಯೆಗಳನ್ನು ಕೊಡಲಾರದ ಮಾರಾಟಗಾರನೊಡನೆ ಬೆಲೆಯ ಮಾತನ್ನೇ ಎತ್ತಬೇಕಾಗಿಲ್ಲ. ಲೇಪನದಲ್ಲಿ ಸೀಸದ ಅಂಶವಿಲ್ಲವೆಂಬ ಪತ್ರವನ್ನೂ ಕೇಳಬೇಕು. ೨೦೧೦ರಲ್ಲಿ ಅಮೇರಿಕಾದ ಕ್ಯಾಲಿಫೋರ್ನಿಯಾ ಸರ್ಕಾರವು ಗಾಳಿಕೋಟೆಗಳ ಬಟ್ಟೆಯಲ್ಲಿ ಸೀಸವು ಮಿತಿಮೀರಿದೆಯೆಂದು ಕೆಲವು ತಯಾರಕರ ಮೇಲೂ ಮಾರಾಟಗಾರರ ಮೇಲೂ ದಾವೆ ಹೂಡಿತು. ಮಕ್ಕಳು ಕೈಯೂರಿ ತೆವಳಿ, ಅದೇ ಕೈಯಿಂದ ತಿಂಡಿ ತಿನ್ನುವರಷ್ಟೆ.

ಚೀನಾ ದೇಶದ ಗ್ವಾಂಗ್‌ಝೌ ನಗರದ ಸುತ್ತಿನ ಕಾರ್ಖಾನೆಗಳಿಂದ ನೇರವಾಗಿ ತರಿಸಿದರೆ ಅಗ್ಗವೆಂದು ಹುಡುಗನಿಗೆ ಯಾರಾದರೂ ಹೇಳಿರಬಹುದು. ಕಾರ್ಖಾನೆಯ ಬೆಲೆಯೇ ಮನೆಬಾಗಿಲಿನ ಬೆಲೆಯಲ್ಲ. ಹಡಗಿನ ಬಾಡಿಗೆ, ವಿಮೆ, ಆಮದು ಸುಂಕ, ಜಿ.ಎಸ್.ಟಿ., ರೇವಿನಿಂದ ಊರಿಗೆ ಲಾರಿ ಇಷ್ಟನ್ನೂ ಕೂಡಿಸಬೇಕು. ಆಮದು ಮಾಡುವವನು ಸರ್ಕಾರದಿಂದ ಆಮದು-ರಫ್ತು ಸಂಕೇತಸಂಖ್ಯೆಯನ್ನು ಮೊದಲೇ ಪಡೆದಿರಬೇಕು. ಇದಕ್ಕಿಂತ ದೊಡ್ಡ ತೊಡಕೆಂದರೆ, ಹೊಲಿಗೆ ಬಿಟ್ಟ ವಸ್ತುವನ್ನು ಸಮುದ್ರ ದಾಟಿಸಿ ಹಿಂದಕ್ಕೆ ಕಳುಹಿಸುವುದು ಆಗದ ಮಾತು. ನಮ್ಮ ದೇಶದಲ್ಲಿಯೂ ತಯಾರಕರಿದ್ದಾರೆ. ಬೆಲೆ ತುಸು ಹೆಚ್ಚಾದರೂ, ಹೋಗಿ ಕಣ್ಣಾರೆ ನೋಡಿ, ರಿಪೇರಿಗೆ ಕೊಂಡೊಯ್ಯಬಲ್ಲ ದೂರದಲ್ಲಿರುವವನೇ ಮೊದಲ ವ್ಯಾಪಾರಕ್ಕೆ ಮೇಲು. ಒಂದೇ ತುಂಡಾಗಿರುವುದಕ್ಕಿಂತ ಎರಡು ಮೂರು ಭಾಗಗಳಾಗಿ ಬಿಚ್ಚಿ ಜೋಡಿಸುವಂಥದನ್ನು ಕೊಳ್ಳುವುದು ಲೇಸು. ಚಿಕ್ಕ ಅಂಗಳಕ್ಕೆ ಒಂದು ಭಾಗ, ಶಾಲೆಯ ಮೈದಾನಕ್ಕೆ ಎಲ್ಲ ಭಾಗ, ಹೊರುವ ಆಳುಗಳ ಬೆನ್ನಿಗೂ ಹಗುರ. ಬೇರೊಬ್ಬರು ಬಳಸಿದ ಹಳೆಯ ವಸ್ತುವಾದರೆ ಬಿಸಿಲಿಗೆ ಲೇಪನವು ಬಿರಿದಿದೆಯೋ, ಇಲಿ ಕಡಿದಿದೆಯೋ, ಒದ್ದೆಯಾಗಿ ಮಡಿಸಿಟ್ಟು ಬೂಷ್ಟು ಹಿಡಿದಿದೆಯೋ ಎಂದು ನೋಡಬೇಕು. ಮೂಗು ಇದರಲ್ಲಿ ಒಳ್ಳೆಯ ಪರೀಕ್ಷಕ.

ಮೂರನೆಯದು ಯಂತ್ರ. ಒಂದೂವರೆ ಅಶ್ವಶಕ್ತಿಯ ಬ್ಲೋಯರು ಸುಮಾರು ೧,೧೦೦ ವಾಟು ವಿದ್ಯುತ್ತನ್ನು ಬಳಸುತ್ತದೆ. ಉದ್ದವಾದ ಗಾಳಿಹಾದಿಗೆ ಇಂಥವು ಎರಡು ಬೇಕಾಗಬಹುದು. ನಮ್ಮ ದೇಶದ ವಿದ್ಯುತ್ತು ೨೩೦ ವೋಲ್ಟು, ಅಮೇರಿಕಾದ್ದು ೧೨೦ ವೋಲ್ಟು. ಹೊರದೇಶದ ಯಂತ್ರವಾದರೆ ಇದನ್ನು ವಿಚಾರಿಸದೆ ಕೊಂಡವನು ಮೊದಲ ದಿನವೇ ಯಂತ್ರವನ್ನು ಸುಟ್ಟುಕೊಳ್ಳುವನು. ತಂತಿಯು ದಪ್ಪವಾಗಿ ಜೋಡಣೆಯಿಲ್ಲದುದಾಗಿರಬೇಕು; ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಉಪಕರಣವನ್ನು ಅಳವಡಿಸಿರಬೇಕು. ಕರೆಂಟು ಹೋದರೆ ಗೋಪುರವು ಮಕ್ಕಳ ಮೇಲೆ ಕುಗ್ಗುವುದರಿಂದ, ಜನರೇಟರು ಇದ್ದರೂ ಅದು ಹತ್ತುವ ತನಕ ಕಾಯದೆ ಮಕ್ಕಳನ್ನು ಇಳಿಸುವುದನ್ನು ಆಳುಗಳಿಗೆ ಕಲಿಸಿರಬೇಕು.

ಇನ್ನು ಹಣದ ಲೆಕ್ಕ. ಬೆಲೆಗಳು ಊರಿಗೊಂದು ತೆರನಾದುದರಿಂದ ನಾವು ಕಲ್ಪಿತ ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತೇವೆ. ಹುಡುಗನು ತನ್ನ ಸಂಖ್ಯೆಗಳನ್ನು ಹಾಕಿಕೊಳ್ಳಲಿ. ವಸ್ತು, ಯಂತ್ರ, ಗೂಟಗಳೆಲ್ಲ ಸೇರಿ ೩ ಲಕ್ಷ ರೂಪಾಯಿ. ಒಂದು ದಿನದ ಬಾಡಿಗೆ ೧೨,೦೦೦. ಟೆಂಪೊ, ಮೂವರು ಆಳುಗಳು, ಜನರೇಟರು ಸೇರಿ ಖರ್ಚು ೬,೦೦೦. ಉಳಿಯುವುದು ೬,೦೦೦. ವರ್ಷಕ್ಕೆ ೩೦ ದಿನ ಬಾಡಿಗೆ ಸಿಕ್ಕಿತೆಂದರೆ ೧,೮೦,೦೦೦. ಅದರಲ್ಲಿ ಮೊದಲ ವರ್ಷದ ಬಡ್ಡಿ ನೂರಕ್ಕೆ ೧೨ರಂತೆ ೩೬,೦೦೦. ರಿಪೇರಿಗೂ ಸಾರ್ವಜನಿಕ ಹೊಣೆಯ ವಿಮೆಗೂ ೨೪,೦೦೦. ಉಳಿದದ್ದು ೧,೨೦,೦೦೦. ಇದೇ ಗತಿಯಾದರೆ ಎರಡೂವರೆ ವರ್ಷಕ್ಕೆ ಅಸಲು ಕೈಸೇರುವುದು. ಆಷಾಢದಲ್ಲಿಯೂ ಪುಷ್ಯದಲ್ಲಿಯೂ ಶುಭಕಾರ್ಯಗಳಿಲ್ಲದೆ ಬಾಡಿಗೆ ತಗ್ಗುವುದನ್ನು ಈ ಮೂವತ್ತು ದಿನಗಳಲ್ಲಿಯೇ ಎಣಿಸಿದೆ. ಈ ಲೆಕ್ಕವನ್ನು ಬ್ಯಾಂಕಿನವರು ಒಪ್ಪುವರು, ಹುಡುಗನೂ ಒಪ್ಪಿ ಸಂತೋಷಪಡುವನು.

ನಾವು ಒಪ್ಪುವುದಿಲ್ಲ. ಏಕೆಂದರೆ ಇದರಲ್ಲಿ ಒಂದು ಬಾಬು ಬಿಟ್ಟುಹೋಗಿದೆ. ಮಕ್ಕಳಿಗೆ ರಜೆಯಿರುವ ಏಪ್ರಿಲ್ ಮೇ ತಿಂಗಳುಗಳೇ ನಮ್ಮ ನಾಡಿನಲ್ಲಿ ಮಧ್ಯಾಹ್ನ ಬಿಸಿಲು ಕಾದು ಸಂಜೆ ಗುಡುಗು ಬಿರುಗಾಳಿಗಳು ಏಳುವ ಕಾಲ. ಆಷಾಢದ ಗಾಳಿಯಂತೂ ಗಾಳಿಪಟ ಹಾರಿಸುವ ಹುಡುಗರಿಗೆ ಗೊತ್ತಿರುವಂಥದೇ. ಹೀಗಿರುವಾಗ, ಒಪ್ಪಿಕೊಂಡ ಮೂವತ್ತು ದಿನಗಳಲ್ಲಿ ಐದು ದಿನವಾದರೂ 'ಇಂದು ಆಗದು' ಎಂದು ಹೇಳಿ, ಪಡೆದ ಹಣವನ್ನು ಹಿಂದಿರುಗಿಸಿ ಬರಬೇಕಾಗುವುದೆಂದು ಎಣಿಸಬೇಕು. ಆಗ ಬಾಡಿಗೆಯ ಉಳಿತಾಯ ೧,೫೦,೦೦೦ಕ್ಕೆ ಇಳಿದು, ಕೊನೆಗೆ ನಿಲ್ಲುವುದು ೯೦,೦೦೦. ಅಸಲು ಬರುವುದಕ್ಕೆ ಎರಡೂವರೆ ವರ್ಷದ ಬದಲು ಮೂರು ವರ್ಷ ನಾಲ್ಕು ತಿಂಗಳು. ಈ ಹತ್ತು ತಿಂಗಳ ಅಂತರವೇ ಪರರ ಮಕ್ಕಳ ಸುರಕ್ಷತೆಗೆ ಈ ವ್ಯಾಪಾರಿಯು ತೆರತಕ್ಕ ಬೆಲೆ. ಇದನ್ನು ಮೊದಲೇ ಖರ್ಚಿನ ಬಾಬಿನಲ್ಲಿ ಬರೆದಿಟ್ಟವನು ಗಾಳಿಯ ದಿನ ನೆಮ್ಮದಿಯಿಂದ ಯಂತ್ರವನ್ನು ನಿಲ್ಲಿಸುವನು. ಬರೆಯದಿದ್ದವನಿಗೆ ಆ ದಿನ ಮೋಡ ಕಾಣುವುದಿಲ್ಲ, ತಿಂಗಳ ಕಂತು ಕಾಣುತ್ತದೆ. 'ಇನ್ನು ಅರ್ಧ ಗಂಟೆಯಲ್ಲವೆ' ಎಂದು ಮನಸ್ಸು ಹೇಳುತ್ತದೆ. ಒಳ್ಳೆಯವನೂ ಹಾಗೆ ಎಡವುವ ಸಂಭವವುಂಟು. ಕೇಡೆಣಿಸದವನ ಕೈಯಿಂದಲೂ ಕೇಡಾಗುವುದು ಇಂಥ ಅರ್ಧ ಗಂಟೆಗಳಲ್ಲಿಯೇ.

ಆದಕಾರಣ ಬಾಡಿಗೆಯ ಕರಾರಿನಲ್ಲಿ ಎರಡು ಮಾತುಗಳನ್ನು ಮೊದಲೇ ಬರೆದು, ಗೃಹಸ್ಥನ ರುಜುವನ್ನು ಪಡೆದಿರಬೇಕು. ಗಾಳಿ ಮಳೆ ಗುಡುಗುಗಳಲ್ಲಿ ಆಟವನ್ನು ನಿಲ್ಲಿಸುವ ಅಧಿಕಾರವು ಗೋಪುರವನ್ನು ತಂದವನದೇ, ಕರೆಯಿಸಿದವನದಲ್ಲ ಎಂಬುದೊಂದು. ಹಾಗೆ ನಿಲ್ಲಿಸಿದರೆ ಎಷ್ಟು ಹಣ ಹಿಂದಕ್ಕೆ ಬರುವುದೆಂಬುದಿನ್ನೊಂದು. ಹಿಡಿದು ಅಳೆಯುವ ಚಿಕ್ಕ ಗಾಳಿಮಾಪಕವನ್ನು ವಸ್ತುವಿನ ಜೊತೆಯಲ್ಲಿಯೇ ಕೊಳ್ಳಬೇಕು. ಸಿಡಿಲಿನ ಮುನ್ಸೂಚನೆಗೆ 'ದಾಮಿನಿ' ಎಂಬ ಸರ್ಕಾರಿ ಆಪ್ ಈಗ ಕೈಯ ಫೋನಿನಲ್ಲಿಯೇ ದೊರೆಯುತ್ತದೆ.

ಮನುಸ್ಮೃತಿಯ ಮತ್ತೊಂದು ವ್ಯವಹಾರಪದ 'ಸ್ವಾಮಿಪಾಲವಿವಾದ', ಅಂದರೆ ದನದ ಒಡೆಯನಿಗೂ ಕಾಯುವವನಿಗೂ ನಡುವಣ ವ್ಯಾಜ್ಯ. ಹಗಲಿನಲ್ಲಿ ಮೇಯಲು ಒಪ್ಪಿಸಿಕೊಂಡ ಗೋವಳನೇ ಹೊಣೆ. ಇರುಳು ಒಡೆಯನ ಕೊಟ್ಟಿಗೆ ಸೇರಿದ ಮೇಲೆ ಒಡೆಯನೇ ಹೊಣೆ. ಗಾಳಿಹಾದಿಯ ಬಾಗಿಲಿನಲ್ಲಿ ನಿಂತ ಆಳು ಅಂಥ ಗೋವಳನು. ವಸ್ತುವನ್ನು ಇಳಿಸಿ, ಊದಿಸಿ, ಸಂಜೆ ಬರುತ್ತೇವೆಂದು ಹೊರಟುಹೋಗುವ ಪದ್ಧತಿ ಕೂಡದು. ಒಳಹೋಗುವಲ್ಲಿ ಒಬ್ಬ, ಜಾರುಬಂಡೆಯ ಕೆಳಗೆ ಒಬ್ಬ, ಯಂತ್ರದ ಬಳಿ ಒಬ್ಬ ಎಂದು ಮೂವರು ಆಟ ಮುಗಿಯುವವರೆಗೂ ಇರಬೇಕು. ದೊಡ್ಡವರನ್ನೂ ಚಿಕ್ಕವರನ್ನೂ ಒಟ್ಟಿಗೆ ಬಿಡದಿರುವುದು, ಚಪ್ಪಲಿ, ಕನ್ನಡಕ, ಗಾಜಿನ ಬಳೆಗಳನ್ನು ತೆಗೆಯಿಸುವುದು, ಲಾಗ ಹಾಕಗೊಡದಿರುವುದು, ಮುಂದಿನ ಮಗು ಕೆಳಗಿಳಿದು ಸರಿದ ಮೇಲೆಯೇ ಹಿಂದಿನದನ್ನು ಜಾರಗೊಡುವುದು ಇವೆಲ್ಲ ಅವರ ಕೆಲಸ. ಮನೆಗೆ ಇದನ್ನು ತರಿಸುವ ಗೃಹಸ್ಥರೂ ಗೃಹಿಣಿಯರೂ ಬಾಡಿಗೆಯನ್ನು ಚೌಕಾಶಿ ಮಾಡುವ ಮೊದಲು 'ಗೂಟ ಎಷ್ಟು? ಆಳು ಎಷ್ಟು?' ಎಂದು ಕೇಳಲಿ. ಕೇಳುವವರು ಹೆಚ್ಚಿದರೆ ಒಳ್ಳೆಯ ವ್ಯಾಪಾರಿಯು ಬದುಕಿಕೊಳ್ಳುವನು. ಬಾಡಿಗೆಯ ಅಗ್ಗವೊಂದನ್ನೇ ನೋಡಿದರೆ ಎರಡು ಗೂಟ ಕಡಿಮೆ ಹೊಡೆಯುವವನಿಗೇ ಕೆಲಸ ಸಿಕ್ಕುವುದು. ಆ ಪಾಪದಲ್ಲಿ ನಮಗೂ ಪಾಲುಂಟು.

ಕ್ರಯಕ್ಕೆ ಮೊದಲು ಬೇಕಾದುದು ಇಷ್ಟು. ಕಾಗದ ಬರೆದ ಮಹಾಶಯರು ಸೋದರಳಿಯನನ್ನು ಒಂದು ಸಂಜೆ ಕೂರಿಸಿಕೊಂಡು ಮೇಲಿನ ಎರಡನೆಯ ಲೆಕ್ಕವನ್ನು ಅವನ ಕೈಯಿಂದಲೇ ಬರೆಯಿಸಲಿ. ಐದು ದಿನದ ನಷ್ಟವನ್ನು ಬರೆದ ಮೇಲೆಯೂ ಕಂತು ತೆರಲು ಸಾಧ್ಯವೆಂದು ಕಂಡರೆ ನಿಸ್ಸಂಕೋಚವಾಗಿ ಜಾಮೀನು ನಿಲ್ಲಬಹುದು. ಷಾಮಿಯಾನ ಕಟ್ಟಿ ಗೂಟದ ಮರ್ಮ ತಿಳಿದವನಿಗೆ ಈ ವ್ಯಾಪಾರವು ಅನುಚಿತವಾದುದಲ್ಲ. ಸಾಧ್ಯವಿಲ್ಲವೆಂದು ಕಂಡರೆ ಚಿಕ್ಕದೊಂದು ಗಾಳಿಕೋಟೆಯಿಂದ ಆರಂಭಿಸಲಿ, ಅಥವಾ ಎರಡು ವರ್ಷ ಕಾದು ಕೈಯಲ್ಲಿ ಹಣ ಕೂಡಿದ ಮೇಲೆ ಕೊಳ್ಳಲಿ. ಸಾಲದ ಕಂತು ಎಷ್ಟಿರಬೇಕೆಂಬುದಕ್ಕೆ ನಮ್ಮ ಅಳತೆ ಇದೊಂದೇ: ಗಾಳಿ ಎದ್ದ ದಿನ ಮುಂಗಡವನ್ನು ಹಿಂದಕ್ಕೆ ಕೊಟ್ಟು, ಮಕ್ಕಳನ್ನು ಇಳಿಸಿ, ಗೂಟ ಕಿತ್ತುಕೊಂಡು ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡುವಷ್ಟು ಬಿಡುವು ಅದರಲ್ಲಿ ಇರಬೇಕು.